ಕೆಲ್ಸ್‌ನ ಮಠ ಮತ್ತು ಸಿಂಗಲ್ ಕಾಲಂ ಸುದ್ದಿ

ಸುತ್ತಲಿನ ಜನ ಅದನ್ನು ‘ಏಳು ಕೋಟೆ’ ಅಂತಾರೆ. ಹೋಗಿ ನೋಡಿದರೆ ಅಲ್ಲಿ ಒಂದೂ ಕೋಟೆ ಇಲ್ಲ. ಇರೋದು ಒಂದು ಪಾಳು ಮಠ, ಅದನ್ನು ಬಳಸಿಕೊಂಡು ನಿಂತ ಎತ್ತರದ ಗೋಡೆ, ಗೋಡೆಗುಂಟ ಅಲ್ಲಲ್ಲಿ ಚೌಕಾಕಾರದ ಗೋಪುರಗಳು. ದೂರದ ರಸ್ತೆಯಿಂದ ನೋಡಿದವರಿಗೆ ಯಾವುದೋ ಪಾಳೇಗಾರನ ಠಾಣ್ಯ ಅನ್ನಿಸಬೇಕು, ಹಾಗಿದೆ. ಒಳಗೆ ಇದ್ದವರು ಮಾತ್ರ ಹಗಲೂ ರಾತ್ರಿ ಗಂಟೆ ಲೆಕ್ಕ ಹಾಕಿ ಪ್ರಾರ್ಥನೆ ಮಾಡುತ್ತಿದ್ದ ಕ್ರೈಸ್ತ ಗುರುಗಳು.

ಜಾಗ ಐರ್ಲೆಂಡಿನ ಕಿಲ್ಕೆನ್ನಿ ಕೌಂಟಿಯ ಕೆಲ್ಸ್. ಕಿಲ್ಕೆನ್ನಿ ನಗರದಿಂದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ಕೆಲ್ಸ್ ಅಂದ ಕೂಡಲೇ ಓದಿಕೊಂಡವರು ‘ಬುಕ್ ಆಫ್ ಕೆಲ್ಸ್’ ನೆನೆಯುತ್ತಾರೆ. ಅದು ಬೇರೆ ಕೆಲ್ಸ್, ಮೀತ್ ಕೌಂಟಿಯದು. ಆ ಚಿತ್ರದ ಹಸ್ತಪ್ರತಿ ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ, ಅದನ್ನು ನೋಡಲು ದುಡ್ಡು ಕೊಟ್ಟು ಸಾಲು ನಿಲ್ಲಬೇಕು. ಕಿಲ್ಕೆನ್ನಿಯ ಕೆಲ್ಸ್‌ಗೆ ಸಾಲೂ ಇಲ್ಲ, ಟಿಕೆಟ್ಟೂ ಇಲ್ಲ. ಹುಲ್ಲುಗಾವಲು ದಾಟಿ, ಕುರಿ ಹಿಕ್ಕೆ ತುಳಿಯದಂತೆ ನೋಡಿಕೊಂಡು ನಡೆದರೆ ಸಾಕು.

ನಾನು ಅಲ್ಲಿಗೆ ಹೋಗುವಂತಾದದ್ದು ತಂಗಿಯ ಬಾಣಂತನದಿಂದ. ಅವಳು ಅಲ್ಲಿ ನರ್ಸ್. ನಮ್ಮ ಬ್ಯಾಚಿನ ಮೂರು ಜನರ ಮನೆಯಲ್ಲಾದರೂ ಹೀಗೆ ಹೊರಗೆ ಹೋದ ನರ್ಸ್ ಅಕ್ಕ ತಂಗಿಯರಿದ್ದಾರೆ, ಆದ್ದರಿಂದ ಅದನ್ನು ವಿವರಿಸುವುದಿಲ್ಲ. ಅವ್ವನನ್ನು ಒಬ್ಬಳನ್ನೇ ವಿಮಾನ ಹತ್ತಿಸಲು ಯಾರಿಗೂ ಧೈರ್ಯ ಬರಲಿಲ್ಲ, ಜೊತೆಗೆ ನನಗೊಂದು ಟಿಕೆಟ್ ಬಂತು. ಜಿಲ್ಲಾ ಸ್ಟ್ರಿಂಗರ್ ಒಬ್ಬನಿಗೆ ರಜೆ ಹಾಕುವ ತಾಪತ್ರಯ ಇಲ್ಲ. ಸುದ್ದಿ ಕಳಿಸದಿದ್ದರೆ ದುಡ್ಡಿಲ್ಲ, ಅಷ್ಟೇ.

ತಂಗಿಗೆ ನಾನು ಬಂದದ್ದರಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಬಂದ ವಾರದಲ್ಲೇ ಕೇಳಿದಳು: “ಅಣ್ಣಾ, ಹತ್ತು ವರ್ಷ ಆತು. ಸುದ್ದಿಗೆ ಇಷ್ಟು ಅಂತ ಕೊಡ್ತಾರ, ಅದೂ ಮೂರು ತಿಂಗಳಿಗೊಮ್ಮೆ. ನೀ ಬರದದ್ದು ಮರುದಿನ ಯಾರ ನೆನಪಿನಾಗ ಇರ್ತೈತಿ ಹೇಳು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಒಂದು ಪಾಳು ಮಠ ನೋಡಿದವನದು.

ಮೊದಲು ಇತಿಹಾಸ. 1169ರಿಂದ ಈಚೆಗೆ ಆಂಗ್ಲೋ ನಾರ್ಮನ್ ಸರದಾರರು ಐರ್ಲೆಂಡಿಗೆ ಬಂದು ಜಮೀನು ಹಿಡಿಯತೊಡಗಿದರು. ಹಿಡಿದ ಜಮೀನಿನಲ್ಲಿ ಅವರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಿದ್ದರು: ತಮಗೊಂದು ಕೋಟೆ, ತೆರಿಗೆ ಕೊಡುವವರಿಗೊಂದು ಪೇಟೆ, ಆತ್ಮಕ್ಕೊಂದು ಮಠ. ಲೆನ್‌ಸ್ಟರ್ ಪ್ರಾಂತ್ಯದ ಒಡೆಯ ವಿಲಿಯಂ ಮಾರ್ಷಲ್‌ನ ನಂಬುಗೆಯ ಮನುಷ್ಯ ಜೆಫ್ರಿ ಫಿಟ್ಜ್‌ರಾಬರ್ಟ್ ಎಂಬಾತ 1193ರಲ್ಲಿ ಕೆಲ್ಸ್‌ನ ಮಠ ಸ್ಥಾಪಿಸಿದ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಬಾಡ್ಮಿನ್ ಮಠದಿಂದ ನಾಲ್ವರು ಗುರುಗಳನ್ನು ಕರೆಸಿದ. ಮಠವನ್ನು ಮೇರಿ ಮಾತೆಗೆ ಅರ್ಪಿಸಲಾಯಿತು. ಬಂದವರಲ್ಲಿ ಒಬ್ಬನಾದ ಹ್ಯೂ ಮುಂದೆ ಆ ಸೀಮೆಯ, ಅಂದರೆ ಆಸರಿಯ ಬಿಷಪ್ ಆದ.

ಇದನ್ನು ‘ಪ್ರಯರಿ’ ಅನ್ನುತ್ತಾರೆ. ಅಬಾಟ್ ಎಂಬ ಹಿರಿಯನಿದ್ದರೆ ಆ ಮಠ ಅಬ್ಬಿ, ಪ್ರಯರ್ ಎಂಬ ಹಿರಿಯನಿದ್ದರೆ ಪ್ರಯರಿ. ಇಲ್ಲಿದ್ದವರು ಸಂತ ಅಗಸ್ಟೀನನ ನಿಯಮ ಪಾಲಿಸುವ ‘ಕ್ಯಾನನ್’ಗಳು. ಕಾಡು ಮೂಲೆ ಹುಡುಕಿ ಲೋಕದಿಂದ ದೂರ ಕೂರುವ ಸಿಸ್ಟರ್ಶಿಯನ್ ಸನ್ಯಾಸಿಗಳಿಗೂ ಇವರಿಗೂ ವ್ಯತ್ಯಾಸವಿದೆ. ಕ್ಯಾನನ್‌ಗಳು ಒಟ್ಟಿಗೆ ಬದುಕುವ ಪಾದ್ರಿಗಳು. ಸ್ವಂತ ಆಸ್ತಿ ಇಲ್ಲ, ಆದರೆ ಊರಿನ ಸಂಪರ್ಕ ಉಂಟು. ಸುತ್ತಲಿನ ಚರ್ಚುಗಳ ಉಸ್ತುವಾರಿ, ಅಲ್ಲಿಂದ ಬರುವ ದಶಾಂಶ, ಜಮೀನು, ಗಿರಣಿ, ಇವೆಲ್ಲ ಮಠಕ್ಕೆ ಸೇರುತ್ತಿದ್ದವು. ಹೊಸದಾಗಿ ಬಂದ ಒಡೆಯರಿಗೆ ಇಂಥವರೇ ಬೇಕಿತ್ತು.

ಆಮೇಲಿನ ಕತೆಯನ್ನು ಯಾರು ಚುಟುಕಾಗಿ ಹೇಳಿದರೂ ಹೀಗಿರುತ್ತದೆ: 1252ರಲ್ಲಿ ವಿಲಿಯಂ ಡಿ ಬರ್ಮಿಂಗ್‌ಹ್ಯಾಮ್ ಎಂಬ ಸರದಾರ ಸುಟ್ಟ. ಅನಂತರ ಎಡ್ವರ್ಡ್ ಬ್ರೂಸ್‌ನ ಸ್ಕಾಟ್ ಸೈನ್ಯ ಸುಟ್ಟಿತು. ಈತ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನ ತಮ್ಮ. 1315ರಲ್ಲಿ ಐರ್ಲೆಂಡಿಗೆ ದಂಡೆತ್ತಿ ಬಂದು 1318ರಲ್ಲಿ ಕಾಳಗದಲ್ಲಿ ಸತ್ತ. ಯುರೋಪಿನಲ್ಲೆಲ್ಲ ಬೆಳೆ ಕೊಳೆತು ಬರ ಬಿದ್ದ ವರ್ಷಗಳೂ ಅವೇ. 1327ರಲ್ಲಿ ಇನ್ನೊಬ್ಬ ವಿಲಿಯಂ ಡಿ ಬರ್ಮಿಂಗ್‌ಹ್ಯಾಮ್ ಮತ್ತೆ ಸುಟ್ಟ. ಕೊನೆಗೆ 1540ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸುವಾಗ ಕೆಲ್ಸ್ ಕೂಡ ಮುಚ್ಚಿತು, ಆಸ್ತಿ ಆರ್ಮಂಡ್‌ನ ಅರ್ಲ್ ಜೇಮ್ಸ್ ಬಟ್ಲರ್ ಪಾಲಾಯಿತು.

ಕಟ್ಟಿದರು, ಸುಟ್ಟರು, ಸುಟ್ಟರು, ಸುಟ್ಟರು, ಮುಚ್ಚಿದರು. 347 ವರ್ಷ ಐದು ಸಾಲಿನಲ್ಲಿ ಮುಗಿಯಿತು. ಓದುತ್ತಿದ್ದಂತೆ ನನಗೆ ನಮ್ಮ ತಾಲ್ಲೂಕಿನ ಪುಟ ನೆನಪಾಯಿತು. ಒಂದು ಹಳ್ಳಿಯ ಹೆಸರು ಪತ್ರಿಕೆಯಲ್ಲಿ ಬರುವುದು ಅಲ್ಲಿ ಬಣವೆಗೆ ಬೆಂಕಿ ಬಿದ್ದಾಗ, ಟ್ರ್ಯಾಕ್ಟರ್ ಮಗುಚಿದಾಗ, ಬಡಿದಾಟವಾದಾಗ. ಎರಡು ಬಣವೆಗಳ ನಡುವೆ ಆರು ವರ್ಷ ಕಳೆದಿರುತ್ತದೆ. ಆ ಆರು ವರ್ಷ ಆ ಊರು ಇದ್ದೇ ಇರುತ್ತದೆ, ಪುಟದಲ್ಲಿ ಮಾತ್ರ ಇರುವುದಿಲ್ಲ. ಸಿಂಗಲ್ ಕಾಲಂ ಸುದ್ದಿಗೆ ಬೆಂಕಿಯೇ ಬೇಕು.

ಅವ್ವ ಆ ದಿನ ನನ್ನ ಜೊತೆಗಿದ್ದಳು. ಅಳಿಯನಿಗೆ ರಜೆ ಇತ್ತು, ಕೂಸನ್ನು ಅವನೇ ನೋಡಿಕೊಂಡಿದ್ದ. ತಂಗಿ ಹೊರಡುವಾಗ “ಅಲ್ಲಿ ಏನೂ ಇಲ್ಲ, ಬರೇ ಕಲ್ಲು” ಅಂದಿದ್ದಳು. ಅವ್ವ ಗೋಪುರಗಳನ್ನು ಒಮ್ಮೆ ನೋಡಿ ಬಿಟ್ಟಳು. ಒಳಗೆ ಬಂದ ಮೇಲೆ ಸುತ್ತ ಕಣ್ಣಾಡಿಸಿ ಕೇಳಿದ್ದು ಒಂದೇ ಮಾತು: “ಇಷ್ಟ್ ಮಂದಿಗೆ ಅಡಿಗಿ ಎಲ್ಲಿ ಮಾಡ್ತಿದ್ರೋ?”

ಆ ಪ್ರಶ್ನೆ ಹಿಡಿದು ನೋಡಿದರೆ ಮಠ ಬೇರೆಯೇ ಆಗಿ ಕಾಣುತ್ತದೆ. ಇಂಥ ಮಠಗಳ ನಕ್ಷೆ ಯುರೋಪಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಪೂರ್ವಕ್ಕೆ ಮುಖ ಮಾಡಿದ ಉದ್ದನೆಯ ಚರ್ಚು. ಅದರ ದಕ್ಷಿಣಕ್ಕೆ ಅಂಟಿಕೊಂಡು ಚೌಕಾಕಾರದ ತೆರೆದ ಅಂಗಳ, ಅಂಗಳದ ನಾಲ್ಕೂ ಕಡೆ ಮಾಡು ಇಳಿಸಿದ ಪಡಸಾಲೆ. ನಮ್ಮ ತೊಟ್ಟಿಮನೆ ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಚರ್ಚು ಉತ್ತರದಲ್ಲಿ ಗಾಳಿ ತಡೆಯುತ್ತದೆ, ದಕ್ಷಿಣದ ಅಂಗಳಕ್ಕೆ ಸಿಕ್ಕಷ್ಟು ಬಿಸಿಲು ಸಿಗುತ್ತದೆ. ಚಳಿ ದೇಶದಲ್ಲಿ ಬಿಸಿಲೇ ಲೆಕ್ಕ. ಪೂರ್ವದ ಸಾಲಿನಲ್ಲಿ ಎಲ್ಲರೂ ದಿನವೂ ಸೇರಿ ನಿಯಮ ಓದಿ, ತಪ್ಪು ಒಪ್ಪು ಮಾತಾಡುವ ಸಭಾಮನೆ. ಅದರ ಮೇಲಂತಸ್ತಿನಲ್ಲಿ ಮಲಗುವ ಜಾಗ, ರಾತ್ರಿಯ ಪ್ರಾರ್ಥನೆಗೆ ಎದ್ದವರು ಹತ್ತಿರದಲ್ಲೇ ಚರ್ಚಿಗೆ ಇಳಿಯಲಿ ಅಂತ. ದಕ್ಷಿಣದ ಸಾಲಿನಲ್ಲಿ ಊಟದ ಮನೆ. ಅಲ್ಲಿ ಮಾತಿಲ್ಲ, ಒಬ್ಬ ನಿಂತು ಧರ್ಮಗ್ರಂಥ ಓದುತ್ತಾನೆ, ಉಳಿದವರು ಉಣ್ಣುತ್ತಾರೆ. ಊಟದ ಮನೆಗೆ ಹತ್ತಿಕೊಂಡು ಅಡುಗೆಮನೆ. ಅವ್ವನಿಗೆ ಅದನ್ನು ತೋರಿಸಿದೆ. “ಹೊಳಿ ಹತ್ರ ಕಟ್ಯಾರ, ನೀರಿನ ತ್ರಾಸಿಲ್ಲ” ಅಂದಳು.

ನಿಜ. ಮಠ ನಿಂತಿರುವುದು ಕಿಂಗ್ಸ್ ನದಿಯ ದಂಡೆಗೆ. ಇಂಥ ಮಠಗಳಲ್ಲಿ ನೀರೇ ಮೊದಲ ಎಂಜಿನಿಯರ್. ಹರಿವ ನೀರನ್ನು ಕಾಲುವೆ ಮಾಡಿ ತಿರುಗಿಸಿಕೊಂಡು ಗಿರಣಿಗೆ, ಅಡುಗೆಗೆ, ಕೊನೆಗೆ ಶೌಚದ ಕೊಳೆ ಕೊಚ್ಚಿ ಹೋಗಲು ಬಳಸುತ್ತಿದ್ದರು. ಕೆಲ್ಸ್‌ನಲ್ಲಿ ಈಗಲೂ ಊರಿಂದ ಮಠದ ಕಡೆಗೆ ನದಿಗುಂಟ ನಡೆದರೆ ಹಳೆಯ ನೀರಿನ ಗಿರಣಿಗಳ ಕಟ್ಟಡಗಳು ಸಿಗುತ್ತವೆ. ಅವು ಮಠದ ಕಾಲದವಲ್ಲ, ಎಷ್ಟೋ ಈಚಿನವು. ಆದರೆ ನೀರಿಗೆ ಆ ಕೆಲಸ ಹೊಸದಲ್ಲ.

ಚರ್ಚು ಒಂದೇ ಸಲ ಕಟ್ಟಿದ್ದಲ್ಲ. ಶುರುವಿನ ಕಟ್ಟಡ ಸರಳ. ಆಮೇಲೆ ಅದನ್ನು ಉದ್ದ ಮಾಡಿದರು, ಪಕ್ಕಕ್ಕೆ ತೋಳು ಚಾಚಿ ಶಿಲುಬೆಯ ಆಕಾರ ತಂದರು, ಮೇರಿ ಮಾತೆಗೆ ಪ್ರತ್ಯೇಕ ಪ್ರಾರ್ಥನಾ ಮಂದಿರ ಸೇರಿಸಿದರು, ಗೋಪುರ ಏರಿಸಿದರು. ಗೋಡೆಯ ಹತ್ತಿರ ನಿಂತು ನೋಡಿದರೆ ಕಿಟಕಿ ಇದ್ದ ಕಡೆ ಕಲ್ಲು ತುಂಬಿ ಮುಚ್ಚಿದ್ದು, ಹಳೆಯ ಮಾಡಿನ ಇಳಿಜಾರಿನ ಗುರುತು, ಹೊಸ ಗೋಡೆ ಹಳೆಯದಕ್ಕೆ ಸರಿಯಾಗಿ ಬೆಸೆಯದೆ ಉಳಿದ ಸಂದು, ಇವೆಲ್ಲ ಕಾಣುತ್ತವೆ. ಗೋಡೆ ಓದುವುದೆಂದರೆ ಇದೇ. ನಮ್ಮಲ್ಲಿ ಹಳೆ ಮನೆಗೆ ಮಗನ ಮದುವೆಯಾದಾಗ ಒಂದು ಕೋಣೆ ಸೇರುತ್ತದಲ್ಲ, ಹಾಗೆ.

ಈಗ ಆ ಬೆಂಕಿಗಳ ಲೆಕ್ಕಕ್ಕೆ ಬರೋಣ. 1252ರ ಬೆಂಕಿಗೂ ಬ್ರೂಸ್‌ನ ಬೆಂಕಿಗೂ ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. 1327ರ ಬೆಂಕಿಗೂ ಬಾಗಿಲು ಹಾಕಿದ್ದಕ್ಕೂ ನಡುವೆ 213 ವರ್ಷ. ಆ ವರ್ಷಗಳಲ್ಲಿ ಏನಾಯಿತು? ಯಾರೋ ಸುಣ್ಣ ಸುಟ್ಟರು, ಗಾರೆ ಕಲಸಿದರು, ಸುಟ್ಟ ತೊಲೆ ಇಳಿಸಿ ಹೊಸ ತೊಲೆ ಏರಿಸಿದರು. ಸುಡುವುದಕ್ಕೆ ಒಂದು ದಿನ ಸಾಕಿತ್ತು. ಮತ್ತೆ ಮಾಡು ಹಾಕಲು ಎಷ್ಟು ಚಳಿಗಾಲ ಬೇಕಾಯಿತೋ! ಐದು ಸಾಲಿನ ಕತೆಯಲ್ಲಿ ಇಲ್ಲದ್ದು ಗೋಡೆಯಲ್ಲಿದೆ.

ಐರ್ಲೆಂಡಿನ ಈ ಕಾಲದ ಗೋಪುರಗಳಲ್ಲಿ ಇನ್ನೊಂದು ಗುರುತು ಸಾಮಾನ್ಯ. ಕಲ್ಲಿನ ಕಮಾನು ಛಾವಣಿ ಕಟ್ಟುವಾಗ ಕೆಳಗೆ ಮರದ ಆಧಾರ ಕೊಟ್ಟು, ಅದರ ಮೇಲೆ ಎಳೆ ಕಡ್ಡಿಗಳಿಂದ ಹೆಣೆದ ತಟ್ಟಿ ಹಾಸಿ, ತಟ್ಟಿಯ ಮೇಲೆ ಗಾರೆ ಸುರಿದು ಕಲ್ಲು ಕೂರಿಸುತ್ತಿದ್ದರು. ಗಾರೆ ಗಟ್ಟಿಯಾದ ಮೇಲೆ ಆಧಾರ ತೆಗೆದರೆ ತಟ್ಟಿಯ ಹೆಣಿಗೆಯ ಅಚ್ಚು ಛಾವಣಿಯಲ್ಲಿ ಹಾಗೇ ಉಳಿಯುತ್ತಿತ್ತು. ಐದಾರು ನೂರು ವರ್ಷದ ಮೇಲೂ ಕತ್ತೆತ್ತಿ ನೋಡಿದರೆ ಒಂದು ಕಡ್ಡಿ ಮೇಲೆ, ಒಂದು ಕಡ್ಡಿ ಕೆಳಗೆ ಅಂತ ಎಣಿಸಬಹುದು. ಸರದಾರರ ಹೆಸರು ಕಾಗದದಲ್ಲಿ ಉಳಿಯಿತು, ತಟ್ಟಿ ಹೆಣೆದವರ ಕೈ ಗಾರೆಯಲ್ಲಿ ಉಳಿಯಿತು.

ಗೋಪುರಗಳ ವಿಷಯ. ಮೂರು ಸಲ ಸುಟ್ಟಿದ್ದರಿಂದ ಹೆದರಿ ಕಟ್ಟಿದರು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಮಗೆ ಈಗ ಕಾಣುವ ಆ ದೊಡ್ಡ ಆವರಣ ಮತ್ತು ಗೋಪುರಗಳು 15ನೇ ಶತಮಾನದವು, ಕೊನೆಯ ಬೆಂಕಿಗಿಂತ ಎಷ್ಟೋ ಈಚಿನವು. ಅಷ್ಟು ಹೊತ್ತಿಗೆ ಇಂಗ್ಲಿಷ್ ದೊರೆಯ ಹಿಡಿತ ಡಬ್ಲಿನ್ ಸುತ್ತಮುತ್ತಲಿಗೆ ಕುಗ್ಗಿತ್ತು. ಒಳನಾಡಿನಲ್ಲಿ ಬಟ್ಲರ್‌ಗಳಂಥ ದೊಡ್ಡ ಮನೆತನಗಳದೇ ದರ್ಬಾರು, ಅವರವರಲ್ಲೇ ಜಗಳ. ಉಳ್ಳವರೆಲ್ಲ ಕಲ್ಲಿನ ಗೋಪುರದ ಮನೆ ಕಟ್ಟಿಕೊಂಡ ಕಾಲ ಅದು. ಮಠವೂ ಉಳ್ಳವರ ಪೈಕಿಯೇ, ಅದೂ ಹಾಗೇ ಮಾಡಿತು.

ಆವರಣ ಎರಡು ಭಾಗ. ನದಿಯ ಕಡೆಗೆ ಚರ್ಚು, ಅಂಗಳ, ವಾಸದ ಕಟ್ಟಡಗಳು. ಅದರ ದಕ್ಷಿಣಕ್ಕೆ ಏರಿದ ನೆಲದಲ್ಲಿ ಬರೀ ಗೋಡೆ ಮತ್ತು ಗೋಪುರದ ದೊಡ್ಡ ಬಯಲು, ಹೆಸರು ‘ಬರ್ಜೆಸ್ ಕೋರ್ಟ್’. ಎಲ್ಲ ಸೇರಿ ಸುಮಾರು ಮೂರು ಎಕರೆ. ಗಲಾಟೆಯ ದಿನಗಳಲ್ಲಿ ಊರಿನವರೂ ದನಕರುಗಳೂ ಈ ಬಯಲಿಗೆ ಬಂದು ಸೇರಿಕೊಳ್ಳುತ್ತಿದ್ದವು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಈಗ ಅಲ್ಲಿ ಕುರಿಗಳಿವೆ. ಗೋಪುರದ ನೆರಳು ತಿರುಗಿದ ಹಾಗೆ ಅವೂ ಜಾಗ ಬದಲಿಸುತ್ತವೆ.

ಕೆಲ್ಸ್‌ಗೆ ತಳುಕು ಹಾಕಿಕೊಂಡ ಇನ್ನೊಂದು ಘಟನೆ ವರದಿಗಾರರಾದ ನಮಗೆ ಗೊತ್ತಿರಬೇಕು. 1324ರಲ್ಲಿ ಲೆಂಟ್ ಉಪವಾಸದ ದಿನಗಳಲ್ಲಿ ಆಸರಿಯ ಬಿಷಪ್ ರಿಚರ್ಡ್ ಡಿ ಲೆಡ್ರೆಡ್ ಈ ಮಠಕ್ಕೆ ತಪಾಸಣೆಗೆ ಬಂದ. ಆ ವರ್ಷವೇ ಕಿಲ್ಕೆನ್ನಿಯ ಶ್ರೀಮಂತ ಹೆಂಗಸು ಆಲಿಸ್ ಕೈಟ್ಲರ್ ಮೇಲೆ ಮಾಟ ಮಂತ್ರದ ಆರೋಪ ಹೊರಿಸಿ ವಿಚಾರಣೆ ಶುರು ಮಾಡಿದ. ಆಲಿಸ್‌ಗೆ ಪ್ರಭಾವಿಗಳ ಬೆಂಬಲ ಇತ್ತು. ಅವರು ಬಿಷಪ್‌ನನ್ನೇ ಹಿಡಿದು 17 ದಿನ ಸೆರೆಯಲ್ಲಿಟ್ಟರು. ಕೊನೆಗೆ ಆಲಿಸ್ ದೇಶ ಬಿಟ್ಟು ಪಾರಾದಳು. ಸಿಕ್ಕಿಬಿದ್ದದ್ದು ಅವಳ ಮನೆಯ ಆಳು ಪೆಟ್ರೊನಿಲ್ಲಾ. ಅವಳನ್ನು ಚಾಟಿಯಿಂದ ಹೊಡೆದು, ತಪ್ಪೊಪ್ಪಿಗೆ ಹೇಳಿಸಿ, 1324ರ ನವೆಂಬರ್ 3ರಂದು ಕಿಲ್ಕೆನ್ನಿಯಲ್ಲಿ ಜೀವಂತ ಸುಟ್ಟರು. ಈ ಪ್ರಕರಣದ ವಿವರ ನಮಗೆ ಸಿಗುವುದು ಬಿಷಪ್‌ನ ಕಡೆಯವರು ಬರೆದ ಕಥನದಿಂದ. ಅಂದರೆ ಪ್ರೆಸ್ ನೋಟಿನಿಂದ. ಪೆಟ್ರೊನಿಲ್ಲಾಳ ಬಾಯಲ್ಲಿ ಬಂದ ಮಾತೆಂದು ಉಳಿದಿರುವುದೆಲ್ಲ ಅವಳನ್ನು ಹೊಡೆಸಿದವರು ಬರೆದುಕೊಂಡದ್ದು. ಠಾಣೆಯಲ್ಲಿ ಕೂತು “ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ” ಎಂಬ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇವೆ ಅಂತ ನಾವು ಒಬ್ಬೊಬ್ಬರೂ ಎಣಿಸಿಕೊಳ್ಳಬಹುದು.

ಅದೇ ಕಿಲ್ಕೆನ್ನಿಯಲ್ಲಿ, ಅದೇ ಕಾಲದಲ್ಲಿ, ನಮ್ಮ ಜಾತಿಯ ಒಬ್ಬ ಮನುಷ್ಯ ಇದ್ದ. ಫ್ರಾನ್ಸಿಸ್ಕನ್ ಮಠದ ಬ್ರದರ್ ಜಾನ್ ಕ್ಲಿನ್. ವರ್ಷವರ್ಷದ ಘಟನೆಗಳನ್ನು ಲ್ಯಾಟಿನ್‌ನಲ್ಲಿ ಬರೆದಿಡುತ್ತಿದ್ದ. ಅವನ ಬರಹದಲ್ಲೂ ಹೆಚ್ಚಾಗಿ ಇರುವುದು ಕೊಲೆ, ದಾಳಿ, ಸರದಾರರ ಸಾವು. 1348ರಲ್ಲಿ ಪ್ಲೇಗ್ ಐರ್ಲೆಂಡಿಗೆ ಬಂತು. 1349ರ ಮಾರ್ಚ್ 6ರ ಹೊತ್ತಿಗೆ ಕಿಲ್ಕೆನ್ನಿಯ ಡೊಮಿನಿಕನ್ ಮಠದಲ್ಲಿ ಎಂಟು ಜನ ಸತ್ತರು ಅಂತ ಬರೆದ. ಸತ್ತವರ ನಡುವೆ ಕೂತು ಸಾವಿಗೆ ಕಾಯುತ್ತಾ, ಕಂಡದ್ದನ್ನೂ ನಂಬುವಂತೆ ಕೇಳಿದ್ದನ್ನೂ ದಾಖಲಿಸಿದ. ಮುಂದೆ ಯಾರಾದರೂ ಬದುಕಿ ಉಳಿದು ಈ ಕೆಲಸ ಮುಂದುವರಿಸುವುದಾದರೆ ಇರಲಿ ಅಂತ ಬರೆಯುವ ತೊಗಲಿನ ಹಾಳೆಗಳನ್ನು ಖಾಲಿ ಬಿಟ್ಟ. ಅದಾದ ಸ್ವಲ್ಪದರಲ್ಲೇ ಇನ್ನೊಬ್ಬರ ಕೈ ಬರಹ: ಬರೆದವನು ಇಲ್ಲಿಗೆ ತೀರಿಕೊಂಡಂತೆ ಕಾಣುತ್ತದೆ ಎಂಬ ಅರ್ಥದ್ದು.

ಖಾಲಿ ಹಾಳೆ ಬಿಟ್ಟು ಹೋದ ವರದಿಗಾರ. ನಮ್ಮ ಡಿಪ್ಲೊಮಾ ಕ್ಲಾಸಿನಲ್ಲಿ ಇವನ ಹೆಸರು ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

ಕೆಲ್ಸ್‌ನ ಆ ಖಾಲಿ ಹಾಳೆ ತುಂಬಿದವರು ಪುರಾತತ್ವದವರು. ಥಾಮಸ್ ಫ್ಯಾನಿಂಗ್ 1972ರಿಂದ 1975ರವರೆಗೆ, ಮತ್ತೆ 1980ರಲ್ಲಿ ಇಲ್ಲಿ ಅಗೆತ ಮಾಡಿಸಿದರು. ಸಿಕ್ಕಿದ್ದು ನಿಧಿಯಲ್ಲ. ಚಿತ್ತಾರದ ನೆಲಹಾಸು ಬಿಲ್ಲೆ, ಕಿಟಕಿಯ ಬಣ್ಣದ ಗಾಜಿನ ಚೂರು, ಒಡೆದ ಮಡಕೆ, ಉಂಡು ಬಿಸಾಕಿದ ಮೂಳೆ. ಫ್ಯಾನಿಂಗ್‌ಗೆ ಈ ಬಿಲ್ಲೆಗಳ ಮೇಲೆ ಎಷ್ಟು ಪ್ರೀತಿಯೆಂದರೆ ಎಲಿಜಬೆತ್ ಈಮ್ಸ್ ಜೊತೆ ಸೇರಿ ಐರ್ಲೆಂಡಿನ ಮಧ್ಯಯುಗದ ಬಿಲ್ಲೆಗಳ ಬಗ್ಗೆ 1988ರಲ್ಲಿ ಪುಸ್ತಕವನ್ನೇ ತಂದರು. ಕೆಲ್ಸ್‌ನ ಅಗೆತದ ಪೂರ್ತಿ ವರದಿ ಮಾತ್ರ ಅವರ ಕೈಯಲ್ಲಿ ಮುಗಿಯಲಿಲ್ಲ, ತೀರಿಕೊಂಡರು. ಮಿರಿಯಂ ಕ್ಲೈನ್ ಅದನ್ನು ಕೈಗೆತ್ತಿಕೊಂಡು ಪೂರೈಸಿ 2007ರಲ್ಲಿ ಪ್ರಕಟವಾಗುವಂತೆ ಮಾಡಿದರು. ಫ್ಯಾನಿಂಗ್ ಅವರ ಅಗೆತ ನಿಂತ 27 ವರ್ಷಕ್ಕೆ ವರದಿ. ರಾತ್ರಿ ಎಂಟರೊಳಗೆ ಕಾಪಿ ಬರಬೇಕೆಂದು ಡೆಸ್ಕಿನಿಂದ ಬೈಸಿಕೊಳ್ಳುವ ನಮಗೆ ಇದು ನಗು ತರಿಸಬಹುದು. ನನಗೆ ಹೊಟ್ಟೆಕಿಚ್ಚು ತರಿಸಿತು. ಇನ್ನೊಬ್ಬರು ಬಿಟ್ಟ ಕಡೆಯಿಂದ ಎತ್ತಿಕೊಂಡು, ಯಾರೋ ತಿಂದು ಎಸೆದ ಮೂಳೆಯನ್ನೂ ಸುದ್ದಿ ಅಂದುಕೊಂಡು ಬರೆದರಲ್ಲ. ಅವ್ವನ ಅಡುಗೆಮನೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಇವರು.

ತಂಗಿಯ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ದುಡ್ಡಿನ ಪ್ರಶ್ನೆ ದುಡ್ಡಿನದೇ, ಮಠ ನೋಡಿದರೆ ಅದು ತೀರುವುದಿಲ್ಲ. ಊರಿನಲ್ಲಿ ಬ್ಯಾಂಕ್ ಮಿತ್ರನ ಕೆಲಸಕ್ಕೆ ಕೇಳಿಟ್ಟಿದ್ದೇನೆ, ಸಿಕ್ಕರೆ ಸೇರುತ್ತೇನೆ. ಆದರೆ ಬರೆದದ್ದು ಯಾರ ನೆನಪಿನಲ್ಲಿರುತ್ತದೆ ಎಂಬ ಭಾಗ ಈಗ ನನ್ನನ್ನು ಅಷ್ಟು ಕಾಡುವುದಿಲ್ಲ. ಕ್ಲಿನ್‌ಗೆ ಓದುಗರೇ ಉಳಿಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ನೆನಪಿನ ಲೆಕ್ಕ ನಮ್ಮದಲ್ಲ. ಏನನ್ನು ಬರೆಯುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು, ಅದರಲ್ಲಿ ನಾವು ಬೆಂಕಿಗೆ ಕೊಟ್ಟ ಜಾಗ ಹೆಚ್ಚಾಯಿತು.

ಬಂದ ಮೇಲೆ ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದೇನೆ. ಪತ್ರಿಕೆಗೆ ಹೋಗದ್ದು ಅದಕ್ಕೆ ಹೋಗುತ್ತದೆ. ಯಾವ ಊರಿನಲ್ಲಿ ಕುಂಬಾರರ ಕೊನೆಯ ಆವಿಗೆ ನಿಂತಿತು, ಎಲ್ಲಿ ರೊಟ್ಟಿ ಬಡಿಯುವ ಹೆಂಗಸರು ಸೇರಿ ಮಷಿನ್ ತಂದರು, ಕೆರೆಯ ತೂಬು ತೆಗೆಯುವ ಮನೆತನ ಯಾವುದು, ಆ ಕೆಲಸ ಈಗ ಯಾರು ಮಾಡುತ್ತಾರೆ. ದಿನಕ್ಕೆ ನಾಲ್ಕು ಸಾಲು, ತಾರೀಖು ಹಾಕಿ, ಹೇಳಿದವರ ಹೆಸರು ಬರೆದು. ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ನೀವೂ ಶುರು ಮಾಡಿದರೆ, ವರ್ಷಕ್ಕೊಮ್ಮೆ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಬಹುದು. ಬೈಲೈನ್ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಎರಡನೆಯದು ನಮಗೆ ಹೊಸದೇನಲ್ಲ.

ಮೊದಲ ಪುಟದಲ್ಲಿ ಅವ್ವನದೇ ಇದೆ. ಮುವ್ವತ್ತು ವರ್ಷದ ಹಿಂದೆ ನಮ್ಮ ಊರ ಜಾತ್ರೆಗೆ ಎಷ್ಟು ಒಲೆ ಹೂಡುತ್ತಿದ್ದರು, ಯಾವ ಓಣಿಯವರು ಯಾವ ಅಡುಗೆ ಮಾಡುತ್ತಿದ್ದರು ಅಂತ ಹೇಳಿ ಬರೆಸಿದ್ದಾಳೆ. ಇನ್ನೂ ಮುಗಿದಿಲ್ಲ. ನಿನ್ನೆ ರಾತ್ರಿ ಸಾರಿನ ಒಲೆಗೆ ಬಂದು ನಿಂತಿದೆ.